ಎಡ ಹೆಗಲ ಕರಿಮಣಿ

ಮಂದಾಕಿನಿಯ ಬಲಗೈ ತಾನಾಗಿಯೇ ಮೇಲೆದ್ದಿತು. ಎಕ್ಸ್-ರೇ ಫಲಕದ ಮುಂದೆ ನಿಂತಿದ್ದ ಮುದುಕನ ಗಲ್ಲವನ್ನು ಎರಡು ಬೆರಳಿನಿಂದ ತುಸು ಎತ್ತಿತು, ಹೆಗಲುಗಳನ್ನು ಮುಂದಕ್ಕೆ ಬಾಗಿಸಿತು, ಎದೆ ಫಲಕಕ್ಕೆ ಒತ್ತಿಕೊಳ್ಳುವಂತೆ ಬೆನ್ನನ್ನು ಮೆಲ್ಲಗೆ ತಳ್ಳಿತು. ಎಲ್ಲಿ ಎಷ್ಟು ಒತ್ತಬೇಕೆಂದು ಮಂದಾಕಿನಿಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ತನ್ನದು ಎಂದು ಅವಳು ಹೇಳಿಕೊಳ್ಳಬಹುದಾದದ್ದು ಬಾಯಿಮಾತು ಮಾತ್ರ. "ಉಸುರು ಜಗ್ಗಿ ಹಿಡೀರಿ ಅಜ್ಜಾರ," ಎಂದಳು. ಗುಂಡಿ ಒತ್ತಿಯಾಯಿತು, ಎದೆಗೂಡು ಪರದೆಯ ಮೇಲೆ ಮೂಡಿತು. ಮುದುಕ ಇನ್ನೂ ಉಸಿರು ಹಿಡಿದೇ ನಿಂತಿದ್ದ. ಬಿಡಿ ಎಂದು ಹೇಳಲು ಅವಳು ಮರೆತಿದ್ದಳು, ಅದನ್ನು ನೆನಪಿಸುವುದು ಅವಳು ತೊಟ್ಟಿದ್ದ ಗವಸಿನ ಕೆಲಸವಾಗಿರಲಿಲ್ಲ.

ಆ ಗವಸಿನ ಹೆಸರು ಕಲಿಗೈ. ನೋಡಲು ಸ್ಕೂಟರ್ ಸವಾರರು ಚಳಿಗಾಲದಲ್ಲಿ ಹಾಕಿಕೊಳ್ಳುವ ಬೂದುಬಣ್ಣದ ಕೈಗವಸಿನಂತೆಯೇ ಇತ್ತು. ಒಳಗೆ ಕೂದಲಿಗಿಂತ ತೆಳುವಾದ ಸಾವಿರಾರು ಎಳೆಗಳು. ವಿದ್ಯುತ್ತು ಹರಿದಾಗ ಅವು ಸ್ನಾಯುಗಳ ಹಾಗೆ ಕುಗ್ಗಿ ಹಿಗ್ಗಿ, ತೊಟ್ಟವರ ಬೆರಳುಗಳನ್ನು ಬೇಕಾದ ಕಡೆಗೆ ಒಯ್ಯುತ್ತಿದ್ದವು. ಕೈ ದಾರಿ ತಪ್ಪಿದರೆ ಮಣಿಕಟ್ಟಿನಲ್ಲಿ ಒಂದು ನಡುಕ ಬರುತ್ತಿತ್ತು. ಎಕ್ಸ್-ರೇ ತಂತ್ರಜ್ಞರು ಕಾಲೇಜಿನಲ್ಲಿ ಮೂರು ವರ್ಷ ಕುಳಿತು ಕಲಿಯುತ್ತಿದ್ದುದನ್ನು ಈ ಗವಸು ಒಂಬತ್ತು ತಿಂಗಳಿಗೆ ಇಳಿಸಿತ್ತು. ಆಸ್ಪತ್ರೆಯಲ್ಲೇ ಕೆಲಸ, ಅಲ್ಲೇ ಪಾಠ, ಅಲ್ಲೇ ಪರೀಕ್ಷೆ. ಹುಬ್ಬಳ್ಳಿಯ ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಕಥೆ ಬರೆಯುವವರಿಗೂ ಎದೆ ಇರುತ್ತದೆ, ಅದಕ್ಕೂ ಒಂದು ದಿನ ಕೆಮ್ಮು ಬರುತ್ತದೆ.

ಕಲಿಗೈಯನ್ನು ರೂಪಿಸಿದವರು ಡಾ. ಚಿನ್ಮಯಿ ದೇಸಾಯಿ ಎಂಬ ವಿಜ್ಞಾನಿ. ತರಬೇತಿಯ ಮೊದಲ ದಿನ ಹನ್ನೆರಡು ಮಂದಿ ಶಿಕ್ಷಣಾರ್ಥಿಗಳನ್ನು ಕೂಡಿಸಿಕೊಂಡು ಅವರು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ವಿದ್ಯೆ ಪುಸ್ತಕದಲ್ಲಿಲ್ಲ, ನುರಿತವರ ಕೈಯಲ್ಲಿದೆ; ಆ ಕೈ ನಿವೃತ್ತವಾದ ದಿನ ವಿದ್ಯೆಯೂ ಮನೆಗೆ ಹೋಗುತ್ತದೆ. ಅದನ್ನು ತಡೆಯಲು ಅದೇ ಆಸ್ಪತ್ರೆಯ ಹಿರಿಯ ತಂತ್ರಜ್ಞ ಇಮಾಮಸಾಬ ನದಾಫರ ಕೈಗೆ ಹದಿನಾಲ್ಕು ತಿಂಗಳು ಗವಸು ತೊಡಿಸಿ, ಅವರ ಬೆರಳುಗಳ ಪ್ರತಿಯೊಂದು ಚಲನೆಯನ್ನೂ ದಾಖಲಿಸಿಕೊಳ್ಳಲಾಗಿತ್ತು. ಆ ರಾಶಿಯಿಂದ ತಪ್ಪುಗಳನ್ನು ಜರಡಿ ಹಿಡಿದು ತೆಗೆದ ಮೇಲೆ ಉಳಿದದ್ದೇ ಕಲಿಗೈಯ ಪಾಠ. ತಪ್ಪು ಎಂದರೆ ಮುಖ್ಯವಾಗಿ ಮರುಚಿತ್ರ. ರೋಗಿ ಅಲುಗಾಡಿದರೆ, ಭಂಗಿ ಕೆಟ್ಟರೆ, ಚಿತ್ರವನ್ನು ಎರಡನೆಯ ಸಲ ತೆಗೆಯಬೇಕಾಗುತ್ತದೆ; ಎರಡನೆಯ ಸಲ ತೆಗೆದರೆ ರೋಗಿಯ ಮೈಗೆ ಕಿರಣ ಎರಡು ಪಾಲು. ಆದ್ದರಿಂದ ಒಬ್ಬರಿಗೆ ಒಂದೇ ಚಿತ್ರ ಎಂಬುದು ಡಾ. ದೇಸಾಯಿಯವರ ನಿಯಮ. ಒಳ್ಳೆಯ ನಿಯಮವೇ. ಕೆಡುಕು ಮಾಡಬೇಕೆಂದು ಯಾರೂ ನಿಯಮ ಮಾಡುವುದಿಲ್ಲ.

ಗವಸಿನ ಜೊತೆಗೆ ಬಂದ ಪರದೆಗೂ ಒಂದು ಜಾಣತನವಿತ್ತು. ಒಡವೆಯ ಲೋಹ ಕಿರಣವನ್ನು ತಡೆದು ಚಿತ್ರದಲ್ಲಿ ಬಿಳಿ ಕಲೆ ಮೂಡಿಸಿದರೆ, ಪರದೆ ಅದನ್ನು ಅಳಿಸಿ, ಅಕ್ಕಪಕ್ಕದ ಶ್ವಾಸಕೋಶ ಹೇಗಿದೆಯೋ ಹಾಗೆಯೇ ಆ ಜಾಗವನ್ನು ತುಂಬಿ ತೋರಿಸುತ್ತಿತ್ತು. ಬಿರುಕಿನ ಮೇಲೆ ಸುಣ್ಣ ಬಳಿದಂತೆ ಚಿತ್ರ ಚೊಕ್ಕವಾಗಿ ಕಾಣುತ್ತಿತ್ತು.

ಮಂದಾಕಿನಿ ಆ ಆಸ್ಪತ್ರೆಗೆ ಹೊಸಬಳಲ್ಲ. ಒಂಬತ್ತು ವರ್ಷ ಅಲ್ಲೇ ಆಯಾ ಆಗಿ ಬೆಡ್‌ಪ್ಯಾನ್ ತೊಳೆದವಳು. ಪಿಯುಸಿ ವಿಜ್ಞಾನ ಪಾಸಾಗಿ ಮದುವೆಯಾಗಿ, ಗಂಡ ಸತ್ತು ಆರು ವರ್ಷವಾಗಿತ್ತು. ತರಬೇತಿಗೆ ವಯಸ್ಸಿನ ಮಿತಿ ಮೂವತ್ತೈದು, ಅವಳಿಗೆ ಮೂವತ್ತನಾಲ್ಕು ಮುಗಿದಿತ್ತು. ಈ ಸಲ ಗೆದ್ದರೆ ಮೇಡಂ, ಸೋತರೆ ಸಾಯುವ ತನಕ "ಏ ಆಯಾ". ಇದು ಅವಳಿಗೆ ಗೊತ್ತಿತ್ತು, ಅವಳ ಜೊತೆಯ ಆಯಾ ಕಾಶವ್ವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಐವತ್ತು ದಾಟಿದ ಕಾಶವ್ವ ಒಂಬತ್ತು ತಿಂಗಳೂ ಮಂದಾಕಿನಿಯ ಪಾಳಿಯ ಅರ್ಧ ಕೆಲಸವನ್ನು ತಾನೇ ಮಾಡಿ, ಅವಳಿಗೆ ಓದಲು ಹೊತ್ತು ಉಳಿಸಿಕೊಟ್ಟಳು. ಕೇಳಿದರೆ, ನಮ್ಮೊಳಗ ಒಬ್ಬಾಕಿರ ಕುರ್ಚಿ ಮ್ಯಾಲ ಕುಂಡರ್ಲಿ ಎನ್ನುತ್ತಿದ್ದಳು.

ನದಾಫರ ನಿವೃತ್ತಿಗೆ ಒಂದು ತಿಂಗಳು ಉಳಿದಿದ್ದರಿಂದ ಶಿಕ್ಷಣಾರ್ಥಿಗಳಿಗೆ ಅವರ ಜೊತೆ ನಿಲ್ಲುವ ಭಾಗ್ಯ ಅಷ್ಟು ದಿನ ಸಿಕ್ಕಿತು. ಬಾಕಿ ಹನ್ನೊಂದು ಮಂದಿ ಗವಸು ಇರುವಾಗ ಮುದುಕನ ಪುರಾಣ ಯಾಕೆ ಎಂದು ಚಹಾದ ಅಂಗಡಿಯಲ್ಲಿ ಕಾಲ ಕಳೆದರು. ಮಂದಾಕಿನಿ ನಿಂತು ನೋಡಿದಳು. ಹೆಂಗಸರು ಎದೆಯ ಚಿತ್ರಕ್ಕೆ ಬಂದಾಗ ನದಾಫರು ತಾಳಿ ತೆಗೆಯಿರಿ ಎನ್ನುತ್ತಿರಲಿಲ್ಲ. ಕರಿಮಣಿ ಸರವನ್ನು ಎತ್ತಿ ಎಡ ಹೆಗಲ ಮೇಲಿಂದ ಬೆನ್ನಿಗೆ ಹಾಕಿಸಿ ಒಂದು ಚಿತ್ರ ತೆಗೆಯುತ್ತಿದ್ದರು. ಆಮೇಲೆ ಅದನ್ನೇ ಬಲ ಹೆಗಲಿಗೆ ಹಾಕಿಸಿ ಇನ್ನೊಂದು ತೆಗೆಯುತ್ತಿದ್ದರು. ಯಾಕೆ ಎಂದು ಅವಳು ಕೇಳಿದಳು.

"ಟಿಬಿ ಮೊದಲ ಕುಂಡ್ರೂದು ಪುಪ್ಪಸದ ತುದಿಗೆ, ಹೆಗಲ ಬುಡಕ," ಎಂದರು ನದಾಫರು. "ಸರಾನೂ ಅಲ್ಲೇ ಬರತೈತಿ. ಅದನ್ನ ತಗೀರಿ ಅಂತ ನಾ ಹೆಂಗ ಹೇಳ್ಲಿ ಮಂದಾ? ಗಂಡಸು, ಅದರಾಗೂ ಮುಸಲ್ಮಾನ ನದಾಫ. ಹೇಳಿದ್ದರ ಈ ಖೋಲ್ಯಾಗ ಮೂವತ್ತೊಂದು ವರ್ಷ ಇರ್ತಿರಲಿಲ್ಲ. ಅದಕ್ಕ ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ. ಎರಡೂ ಬಾಜೂ ಬಾಜೂ ಇಟ್ಟು ನೋಡಿದ್ರ ಮುಚ್ಚಿದ್ದು ಏನೂ ಉಳ್ಯಾಂಗಿಲ್ಲ."

ಹೋಗುವ ದಿನ ಅವರು ಅವಳಿಗೊಂದು ಪುಟ್ಟ ಪೊಟ್ಟಣ ಕೊಟ್ಟರು. ಒಳಗೆ ಸೀಸದಲ್ಲಿ ಎರಕ ಹೊಯ್ಸಿದ 'ಮಂ' ಎಂಬ ಅಕ್ಷರ. ಚಿತ್ರ ತೆಗೆದವರು ತಮ್ಮ ಹೆಸರಿನ ಅಕ್ಷರವನ್ನು ಫಲಕದ ಮೂಲೆಗೆ ಅಂಟಿಸುವುದು ಈ ಕಸುಬಿನ ಹಳೆಯ ಪದ್ಧತಿ. ಕಿರಣ ಸೀಸವನ್ನು ದಾಟಲಾರದು, ಅಕ್ಷರ ಚಿತ್ರದಲ್ಲೇ ಬೆಳ್ಳಗೆ ಮೂಡುತ್ತದೆ. ಕಲಿಗೈ ಬಂದ ಮೇಲೂ ನಿಯಮಾವಳಿಯಲ್ಲಿ ಇದೊಂದು ಉಳಿದುಕೊಂಡಿತ್ತು, ಪರದೆಯೂ ಈ ಅಕ್ಷರವನ್ನು ಅಳಿಸುತ್ತಿರಲಿಲ್ಲ. ಫೋಟೋದಾಗ ಎಲುಬು ರೋಗಿದು, ಮರ್ಯಾದಿ ನಮ್ಮದು ಎಂದು ನದಾಫರು ಹೇಳಿ, ಅಣ್ಣಿಗೇರಿಯ ತಮ್ಮ ಮನೆಗೆ ಹೊರಟುಹೋದರು.

ಪರೀಕ್ಷೆಯ ಕ್ರಮ ಸರಳವಾಗಿತ್ತು. ಗವಸಿನ ಎಳೆಗಳನ್ನು ಸಡಿಲಗೊಳಿಸಿ, ಶಿಕ್ಷಣಾರ್ಥಿಯೇ ಐವತ್ತು ಎದೆಯ ಚಿತ್ರ ತೆಗೆಯಬೇಕು. ಗವಸು ಕೈಯನ್ನು ಒಯ್ಯುವುದಿಲ್ಲ, ತಪ್ಪಿದಾಗ ನಡುಗುತ್ತದೆ ಅಷ್ಟೆ. ಮೂರು ಸಲ ನಡುಗಿದರೆ ಅನುತ್ತೀರ್ಣ. ನಲವತ್ತೊಂಬತ್ತು ಚಿತ್ರ ಮುಗಿಯುವ ಹೊತ್ತಿಗೆ ಮಂದಾಕಿನಿಗೆ ಎರಡು ನಡುಕ ಬಂದಾಗಿತ್ತು. ಕೊನೆಯ ಚಿತ್ರಕ್ಕೆ ಬರಬೇಕಿದ್ದ ರೋಗಿ ಬರಲಿಲ್ಲ. ಬಾಗಿಲಲ್ಲಿ ನೆಲ ಒರೆಸುತ್ತಿದ್ದ ಕಾಶವ್ವ ಕೋಲು ಬದಿಗಿಟ್ಟು, ತಾನೇ ನಿಲ್ಲುತ್ತೇನೆ, ಹೇಗೂ ಎರಡು ತಿಂಗಳಿಂದ ಕೆಮ್ಮು ಇದೆ ಎಂದು ಒಳಗೆ ಬಂದಳು. ಪರೀಕ್ಷಕರು ಒಪ್ಪಿದರು.

ಮಂದಾಕಿನಿ ಕಾಶವ್ವನ ಕರಿಮಣಿ ಸರವನ್ನು ಎಡ ಹೆಗಲಿಗೆ ಹಾಕಿಸಿ ಚಿತ್ರ ತೆಗೆದಳು. ಗವಸು ಸುಮ್ಮನಿತ್ತು. ಈಗ ಸರವನ್ನು ಬಲಕ್ಕೆ ಹಾಕಿಸಬೇಕು. ಅದು ಅವಳಿಗೆ ನೆನಪಿಗೆ ಬರಲಿಲ್ಲವೆಂದಲ್ಲ. ಚೆನ್ನಾಗಿ ಬಂತು. ಎರಡನೆಯ ಗುಂಡಿ ಒತ್ತಿದರೆ ಅದು ಮರುಚಿತ್ರ, ಮೂರನೆಯ ನಡುಕ, ಮತ್ತೆ ಬೆಡ್‌ಪ್ಯಾನ್. ಕಾಶವ್ವ ಉಸಿರು ಹಿಡಿದು, ಬಿಡಲೇ ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ಪರದೆಯ ಮೇಲೆ ಸರದ ಬಿಳಿ ಗೆರೆ ಮೂಡಿ, ಅಳಿಸಿಹೋಗಿ, ಶ್ವಾಸಕೋಶ ಎರಡೂ ಕಡೆ ನಿರ್ಮಲವಾಗಿ ಕಾಣಿಸಿತು. ಮೂಲೆಯಲ್ಲಿ 'ಮಂ' ಎಂಬ ಅಕ್ಷರ ಹೊಳೆಯುತ್ತಿತ್ತು. "ಉಸುರು ಬಿಡಕ್ಕಾ," ಎಂದಳು ಮಂದಾಕಿನಿ. ಹನ್ನೆರಡು ಮಂದಿಯಲ್ಲಿ ಪಾಸಾದವರು ಏಳು, ಅವಳು ಅವರಲ್ಲಿ ಒಬ್ಬಳು. ಕಾಶವ್ವ ಎಲ್ಲ ವಾರ್ಡುಗಳಿಗೂ ಪೇಡೆ ಹಂಚಿದಳು.

ಒಂದು ವರ್ಷ ಚೆನ್ನಾಗಿ ಕಳೆಯಿತು. ಮಂದಾಕಿನಿಗೆ ಕುರ್ಚಿ ಸಿಕ್ಕಿತು, ಕಿರಣ ತಡೆಯುವ ಸೀಸದ ಏಪ್ರನ್ ಸಿಕ್ಕಿತು, ಮೊದಲು ಅವಳನ್ನು ಸಿಳ್ಳೆ ಹಾಕಿ ಕರೆಯುತ್ತಿದ್ದ ವಾರ್ಡ್‌ಬಾಯ್‌ಗಳ ಬಾಯಲ್ಲಿ ಮೇಡಂ ಎಂಬ ಮಾತು ಬಂತು. ಕಲಿಗೈ ಹತ್ತೊಂಬತ್ತು ಆಸ್ಪತ್ರೆಗಳಿಗೆ ಹರಡಿತು. ಕಾಶವ್ವನ ಕೆಮ್ಮು ಮಾತ್ರ ಹೋಗಲಿಲ್ಲ. ವೈದ್ಯರು ಅವಳ ಚಿತ್ರವನ್ನು ತೆರೆದು ನೋಡಿ, ಎದೆ ಸ್ವಚ್ಛವಾಗಿದೆ, ಇದು ಫಿನೈಲ್ ವಾಸನೆಯ ಅಲರ್ಜಿ ಎಂದು ಸಿರಪ್ ಬರೆದುಕೊಟ್ಟರು. ಸಕ್ಕರೆ ಕಾಯಿಲೆಯೂ ಇದ್ದುದರಿಂದ ಸೊರಗುವುದಕ್ಕೆ ಅದೇ ಕಾರಣ ಎಂದುಕೊಂಡರು. ಮಂದಾಕಿನಿ ಒಂದೆರಡು ಸಲ ಇನ್ನೊಂದು ಫೋಟೋ ತೆಗೆಯೋಣವೆಂದಳು. ಆದರೆ ಒಳ್ಳೆಯ ಚಿತ್ರ ಇರುವಾಗ ಮತ್ತೊಂದಕ್ಕೆ ವೈದ್ಯರ ಚೀಟಿ ಬೇಕು, ಚೀಟಿ ಕೇಳಿದರೆ ಮೊದಲನೆಯದರಲ್ಲಿ ಏನು ಕೊರತೆ ಎಂದು ಹೇಳಬೇಕು. ಅವಳು ಕೇಳಲಿಲ್ಲ. ಕುರ್ಚಿಯ ರುಚಿ ಹತ್ತಿದವರು ಎಲ್ಲರೂ ಹೀಗೆಯೇ. ಇವಳು ಆಯಾ ಆಗಿದ್ದವಳೆಂದು ರಿಯಾಯಿತಿ ಕೊಡಬೇಕಾಗಿಲ್ಲ.

ಆ ಹೊತ್ತಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಗಾಜಿನ ಚೌಕಟ್ಟಿನ ಒಂದು ದೊಡ್ಡ ಫಲಕ ಬಂತು. ಹತ್ತೊಂಬತ್ತು ಆಸ್ಪತ್ರೆಗಳ ಚಿತ್ರಗಳನ್ನು ಕೂಡಿಸಿ ನಡೆಸಿದ ಸಮೀಕ್ಷೆಯ ಫಲ ಅದು. ಪರದೆ ಪ್ರತಿ ಹೆಂಗಸಿನ ಚಿತ್ರದ ಜೊತೆಗೆ ತಾಳಿ ಇದೆ ಅಥವಾ ಇಲ್ಲ ಎಂದು ತಾನೇ ಗುರುತು ಹಾಕಿಕೊಳ್ಳುತ್ತಿತ್ತು. ಆ ಗುರುತಿನ ಪ್ರಕಾರ ತಾಳಿ ಇರುವ ಮೂವತ್ತೆಂಟು ಸಾವಿರ ಹೆಂಗಸರಲ್ಲಿ ಎಡ ಶ್ವಾಸಕೋಶದ ತುದಿಯ ಕ್ಷಯ ಒಬ್ಬರಿಗೂ ಇರಲಿಲ್ಲ. ತಾಳಿ ಇಲ್ಲದವರಲ್ಲಿ ಗಂಡಸರಲ್ಲಿರುವಷ್ಟೇ ಇತ್ತು. ಇದಕ್ಕೆ ಕಾರಣ ತಿಳಿಯಬೇಕಾಗಿದೆ ಎಂದು ಸಮೀಕ್ಷೆ ಬರೆದವರು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹೇಳಿದ್ದರು. ಟೀವಿಯ ಜ್ಯೋತಿಷಿಗೆ ಕಾರಣ ಅದೇ ದಿನ ತಿಳಿಯಿತು. ಹೃದಯ ಇರುವುದು ಎಡಕ್ಕೆ, ಮಾಂಗಲ್ಯದ ಶಕ್ತಿ ಹೋಗುವುದೂ ಎಡಕ್ಕೆ ಎಂದು ಅವನು ಒಂದು ಗಂಟೆ ವಿವರಿಸಿದ. ಊರಿನ ಹೆಂಗಸರು ಫಲಕದ ಮುಂದೆ ನಿಂತು ತಾಳಿಯನ್ನು ಕಣ್ಣಿಗೊತ್ತಿಕೊಂಡು ಹೋದರು.

ಮಂದಾಕಿನಿ ಫಲಕವನ್ನು ಓದಿದಳು. ಎಡ ಎಂಬ ಮಾತಿನ ಹತ್ತಿರ ಅವಳ ಕಣ್ಣು ನಿಂತಿತು. ಮೊದಲು ಅಣ್ಣಿಗೇರಿಗೆ ಫೋನು ಮಾಡಿದಳು. ಈ ಎರಡನೆಯ ಚಿತ್ರದ ವಿಷಯ ನೀವು ದೇಸಾಯಿ ಮೇಡಂಗೆ ಹೇಳಿರಲಿಲ್ಲವೇ ಎಂದು ಕೇಳಿದಳು.

"ಅವ್ರು ನನ್ನ ಕೈ ಕೇಳಿದ್ರವಾ, ಕೊಟ್ಟೆ," ಎಂದರು ನದಾಫರು. "ಬಾಯಿ ಕೇಳಲಿಲ್ಲ."

ಡಾ. ದೇಸಾಯಿ ಅವಳನ್ನು ಕೂಡಿಸಿ ಪೂರ್ತಿ ಕೇಳಿದರು. ಅವರು ಕೆಟ್ಟವರಲ್ಲ. ಹಳೆಯ ದಾಖಲೆಗಳನ್ನು ಪರದೆಯ ಮೇಲೆ ತೆಗೆಸಿ ನೋಡಿದರು. ಹದಿನಾಲ್ಕು ತಿಂಗಳಲ್ಲಿ ನದಾಫರು ಬಲ ಹೆಗಲಿಗೆ ಸರ ಹಾಕಿಸಿ ತೆಗೆದ ಚಿತ್ರಗಳೆಲ್ಲ ಅಲ್ಲಿದ್ದವು, ಒಂದೊಂದರ ಮೇಲೂ ಮರುಚಿತ್ರ, ತಪ್ಪು, ಕೈಬಿಡಲಾಗಿದೆ ಎಂಬ ಗುರುತಿತ್ತು.

"ನೋಡ್ರಿ, ಕಲಿಗೈ ತಪ್ಪು ಕಲ್ತಿಲ್ಲ," ಎಂದರು ಅವರು, ತಮಗೇ ಹೇಳಿಕೊಳ್ಳುವಂತೆ. "ನದಾಫರ ಕೈ ಏನು ಮಾಡಿತೋ ಅದನ್ನೇ ಕಲ್ತದ."

"ಅರ್ಧಾ ಕಲ್ತೈತ್ರಿ," ಎಂದಳು ಮಂದಾಕಿನಿ. "ಸರ ಎಡಕ್ಕ ಹಾಕೂದು ಕಲ್ತೈತಿ, ಬಲಕ್ಕ ಹಾಕೂದನ್ನ ನೀವು ತಗದ್ರಿ. ಆ ಮೂವತ್ತೆಂಟು ಸಾವಿರ ಮಂದೀನ ತಿರುಗಿ ಕರೀಬೇಕ್ರಿ."

ಡಾ. ದೇಸಾಯಿ ಆಡಳಿತ ಮಂಡಳಿಗೆ ಪತ್ರ ಬರೆದರು. ಮಂಡಳಿ ಸಭೆ ಸೇರಿ, ಜನರಲ್ಲಿ ಗಾಬರಿ ಹುಟ್ಟಿಸುವುದು ವೈದ್ಯಧರ್ಮವಲ್ಲ ಎಂದು ತೀರ್ಮಾನಿಸಿತು. ಗವಸಿನ ಪಾಠವನ್ನು ಮುಂದಿನ ಆವೃತ್ತಿಯಲ್ಲಿ ತಿದ್ದಬಹುದು ಎಂದಿತು. ಆ ಆವೃತ್ತಿಯ ಕೆಲಸಕ್ಕೆಂದು ಡಾ. ದೇಸಾಯಿಯವರಿಗೆ ಬೇರೆ ಊರಿನಲ್ಲಿ ದೊಡ್ಡ ಹುದ್ದೆ ಕೊಟ್ಟರು. ಅವರು ಹೋದರು. ಹೋಗುವ ಮುನ್ನ ಮಂದಾಕಿನಿಯ ಕೈ ಹಿಡಿದು ಕ್ಷಮಿಸಿ ಎಂದರಂತೆ. ಕ್ಷಮೆ ಕೇಳಬೇಕಾದವರ ಪಟ್ಟಿಯಲ್ಲಿ ಇನ್ನೂ ಮೂವತ್ತೆಂಟು ಸಾವಿರ ಹೆಸರುಗಳಿದ್ದವು.

ಮಂಡಳಿಯ ತೀರ್ಮಾನಕ್ಕೆ ಕಾಯದೆ ಮಂದಾಕಿನಿ ಕಾಶವ್ವನನ್ನು ಎಕ್ಸ್-ರೇ ಕೋಣೆಗೆ ಕರೆದುಕೊಂಡು ಬಂದಿದ್ದಳು. ಕಾಶವ್ವ ಆಗಲೇ ಸೆರಗಿನಲ್ಲಿ ರಕ್ತ ಒರೆಸಿಕೊಳ್ಳುವ ಹಂತಕ್ಕೆ ಬಂದಿದ್ದಳು. ತಾಳಿ ತೆಗೆಯಕ್ಕಾ ಎಂದಾಗ ಅವಳು ಎರಡೂ ಕೈಯಿಂದ ಸರವನ್ನು ಹಿಡಿದುಕೊಂಡಳು.

"ಇದು ಇದ್ದವರಿಗೆ ಬರೂದಿಲ್ಲಂತ ನಿಮ್ಮ ಆಸ್ಪತ್ರ್ಯಾಗ ಗ್ವಾಡಿ ಮ್ಯಾಲ ಬರದಾರ," ಎಂದಳು. "ಓದಾಕ ಬರದ ನನಗ ನೀನಽ ಓದಿ ಹೇಳಬೇಕಿತ್ತು. ನೀ ಈಗ ತಗಿ ಅಂತೀ."

ಆಗ ಮಂದಾಕಿನಿ ಎಲ್ಲವನ್ನೂ ಹೇಳಿದಳು. ಪರೀಕ್ಷೆಯ ದಿನ ಇನ್ನೊಂದು ಚಿತ್ರ ತೆಗೆಯಬೇಕಿತ್ತು, ಅದು ತನಗೆ ಗೊತ್ತಿತ್ತು, ನಡುಕಕ್ಕೆ ಹೆದರಿ ತೆಗೆಯಲಿಲ್ಲ ಎಂದಳು. ಹೇಳುತ್ತ ಅತ್ತಳು. ಕಾಶವ್ವ ಅಳಲಿಲ್ಲ. ಒಂದು ಸಲ ಕೆಮ್ಮಿ, ಸುಧಾರಿಸಿಕೊಂಡು, ನೀ ಪಾಸಾಗ್ಲಿ ಅಂತಽ ನಾ ನಿಂತಿದ್ದೆ ಎಂದಳು. ಅದು ಸಮಾಧಾನದ ಮಾತೋ ಬೈಗುಳವೋ ಮಂದಾಕಿನಿಗೆ ಇಂದಿಗೂ ತಿಳಿದಿಲ್ಲ. ತಾಳಿಯನ್ನಂತೂ ಕಾಶವ್ವ ತೆಗೆಯಲಿಲ್ಲ, ಬಲ ಹೆಗಲಿಗೆ ಹಾಕಿಕೊಂಡಳು. ಚೀಟಿಯಿಲ್ಲದ ಮರುಚಿತ್ರಕ್ಕೆ ಮಂದಾಕಿನಿ ಗುಂಡಿ ಒತ್ತಿದಳು, ಮಣಿಕಟ್ಟು ನಡುಗಿತು. ಎಡ ಶ್ವಾಸಕೋಶದ ತುದಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗುಳಿ ಬಿದ್ದಿತ್ತು.

ಔಷಧ ಶುರುವಾದ ಹನ್ನೊಂದನೆಯ ದಿನ ಕಾಶವ್ವ ರಕ್ತ ಕಾರಿ ಸತ್ತಳು. ಒಂದು ವರ್ಷ ಮೊದಲು ಶುರುವಾಗಿದ್ದರೆ ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ. ಹಣೆತುಂಬ ಕುಂಕುಮ ಹಚ್ಚಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿದರು. ಪುಣ್ಯವಂತೆ, ಮುತ್ತೈದೆಯಾಗಿ ಹೋದಳು ಎಂದು ಬಂದವರೆಲ್ಲ ಹೇಳಿದರು. ವಿಧವೆಯಾದ ಮಂದಾಕಿನಿಯನ್ನು ಉಡಿ ತುಂಬುವಾಗ ಹತ್ತಿರ ಬಿಡಲಿಲ್ಲ. ಅವಳು ಅಂಗಳದ ತುದಿಯಲ್ಲಿ ಆಟೋಗಳ ನಡುವೆ ನಿಂತು ನೋಡಿದಳು.

ಕಾಶವ್ವನ ಮಗ ದೂರು ಕೊಟ್ಟ. ತನಿಖೆಯಾಯಿತು. ಹಳೆಯ ಚಿತ್ರವನ್ನು ತೆಗೆದು ನೋಡಿದರು. ಅದರಲ್ಲಿ ಗವಸಿನ ಹೆಸರು ಇರಲಿಲ್ಲ, ಪರದೆಯ ಹೆಸರು ಇರಲಿಲ್ಲ, ಒಬ್ಬರಿಗೆ ಒಂದೇ ಚಿತ್ರ ಎಂಬ ನಿಯಮದ ಹೆಸರೂ ಇರಲಿಲ್ಲ. ಮೂಲೆಯಲ್ಲಿ 'ಮಂ' ಇತ್ತು. ತಪ್ಪಿತಸ್ಥರು ಸಿಕ್ಕರು. ಮಂದಾಕಿನಿ ವಾದ ಮಾಡಲಿಲ್ಲ. ಆ ಅಕ್ಷರ ತನ್ನದೇ ಎಂದಳು. ಪ್ರಮಾಣಪತ್ರವನ್ನು ಹಿಂದಕ್ಕೆ ಪಡೆದರು, ಹಳೆಯ ನೌಕರಳೆಂಬ ಕರುಣೆಯಿಂದ ಮತ್ತೆ ಆಯಾ ಕೆಲಸ ಕೊಟ್ಟರು. ಈ ಸಲ ಎಕ್ಸ್-ರೇ ಕೋಣೆಯ ಹೊರಗೆ, ಹೆಂಗಸರು ಬಟ್ಟೆ ಬದಲಿಸುವ ಜಾಗದಲ್ಲಿ.

ಅಲ್ಲಿ ಅವಳು ತನ್ನ ಪಾಡಿಗೆ ಒಂದು ಕೆಲಸ ಶುರುಮಾಡಿದಳು. ಸ್ಟೂಲಿನ ಮೇಲೆ ಒಂದು ಬುಟ್ಟಿ, ಅದರಲ್ಲಿ ಅರಿಷಿಣ ಹಚ್ಚಿದ ನೂಲು, ನೂಲಿಗೆ ಅರಿಷಿಣದ ಕೊಂಬು. ಹೆರಿಗೆಗೋ ಆಪರೇಷನ್ನಿಗೋ ತಾಳಿ ತೆಗೆಯಬೇಕಾದಾಗ ಬರಿಗೊರಳು ಆಗಬಾರದೆಂದು ಈ ಕೊಂಬನ್ನು ಕಟ್ಟುವುದು ಎಲ್ಲರಿಗೂ ಗೊತ್ತಿರುವ ರೂಢಿ. ಒಣಗಿದ ಬೇರಿಗೆ ಕಿರಣವನ್ನು ತಡೆಯುವ ಶಕ್ತಿಯಿಲ್ಲ. ಗಂಡಸಾದ ನದಾಫರು ಹೇಳಲಾಗದ ಮಾತನ್ನು ಅವಳು ಹೇಳಿದಳು. ವಿಧವೆಯ ಕೈಯಿಂದ ಕಟ್ಟಿಸಿಕೊಳ್ಳಲು ಯಾರೂ ಒಪ್ಪುವುದಿಲ್ಲವೆಂದು ಗೊತ್ತಿದ್ದರಿಂದ ಅವಳು ಯಾರ ಕೊರಳನ್ನೂ ಮುಟ್ಟಲಿಲ್ಲ. ಸಾಲಿನಲ್ಲಿ ನಿಂತ ಹೆಂಗಸರೇ ಹಿಂದಿನವರು ಮುಂದಿನವರಿಗೆ ಕಟ್ಟುತ್ತ ಹೋದರು. ಬಿಚ್ಚಿದ ತಾಳಿಗಳನ್ನು ಅವರವರ ಸೆರಗಿನ ತುದಿಗೇ ಗಂಟು ಹಾಕಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ಕಳಿಸುತ್ತಿದ್ದಳು. ಎಡ ತುದಿಯ ಕ್ಷಯ ಒಂದೊಂದಾಗಿ ಸಿಗತೊಡಗಿತು. ಅದು ಸಿಕ್ಕವರಿಗೆ ಮಾತ್ರೆ ಸಿಕ್ಕಿತು, ಬಹಳ ಮಂದಿ ಬದುಕಿಕೊಂಡರು.

ಮರುವರ್ಷ ಎರಡನೆಯ ಸಮೀಕ್ಷೆ ಬಂತು. ಪರದೆ ಎಂದಿನಂತೆ ತಾಳಿ ಇದೆ, ಇಲ್ಲ ಎಂದು ಗುರುತು ಹಾಕಿಕೊಂಡಿತ್ತು. ಅರಿಷಿಣದ ಕೊಂಬು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಮಂದಾಕಿನಿಯ ಬುಟ್ಟಿ ದಾಟಿ ಬಂದ ಮುತ್ತೈದೆಯರೆಲ್ಲ ಅದರ ಲೆಕ್ಕದಲ್ಲಿ ಗಂಡನಿಲ್ಲದವರು. ಹುಬ್ಬಳ್ಳಿಯಲ್ಲಿ ವಿಧವೆಯರು ಒಂದೇ ವರ್ಷದಲ್ಲಿ ಮೂರು ಪಟ್ಟು ಹೆಚ್ಚಿದ್ದೇಕೆ, ಗಂಡಸರಿಗೆ ಏನಾಗುತ್ತಿದೆ ಎಂದು ತಿಳಿಯಲು ಒಂದು ಸಮಿತಿ ರಚನೆಯಾಯಿತು. ಬುಟ್ಟಿಯಿಲ್ಲದ ಬಾಕಿ ಹದಿನೆಂಟು ಆಸ್ಪತ್ರೆಗಳಲ್ಲಿ ತಾಳಿ ಇದ್ದವರ ಎಡ ಶ್ವಾಸಕೋಶ ಎಂದಿನಂತೆ ನಿರ್ಮಲವಾಗಿತ್ತು. ಇಲ್ಲಿ ತಾಳಿ ಇಲ್ಲದವರಲ್ಲಿ ಎಡ ತುದಿಯ ಕ್ಷಯ ಹಿಂದೆಂದಿಗಿಂತ ಹೆಚ್ಚು ಸಿಕ್ಕಿತ್ತು. ಮಾಂಗಲ್ಯದ ರಕ್ಷಣೆ ಇದರಿಂದ ಇನ್ನೂ ಖಚಿತವಾಯಿತು ಎಂದು ಜ್ಯೋತಿಷಿ ಈ ಸಲ ಎರಡು ಗಂಟೆ ಮಾತಾಡಿದ.

ಪಡಸಾಲೆಯ ಹಳೆಯ ಫಲಕವನ್ನು ಇಳಿಸಿ, ಅದರ ಎರಡರಷ್ಟು ದೊಡ್ಡದನ್ನು ತೂಗುಹಾಕಿದ್ದಾರೆ. ಬರುವ ಹೆಂಗಸರು ಅದರ ಗಾಜಿಗೆ ಹಣೆ ಹಚ್ಚಿ ನಮಸ್ಕರಿಸಿ ಒಳಗೆ ಹೋಗುತ್ತಾರೆ, ಗಾಜಿನ ಮೇಲೆ ಕುಂಕುಮ ಉಳಿಯುತ್ತದೆ. ಅದನ್ನು ಒರೆಸುವುದು ಆಯಾಳ ಕೆಲಸ. ಮಂದಾಕಿನಿ ಬೆಳಿಗ್ಗೆ ಮೊದಲು ಅದನ್ನು ಒರೆಸಿ, ಆಮೇಲೆ ಬುಟ್ಟಿ ತೆಗೆದುಕೊಂಡು ಸ್ಟೂಲಿನ ಹತ್ತಿರ ಹೋಗುತ್ತಾಳೆ.